ನಡುವೆ ಮೂರು ದಿನ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ದುಡ್ಡು ಅಂದೇ ಎಣಿಸಬೇಕು,
ರೈತ ಬಸ್ಸು ಹತ್ತುವ ಮುಂಚೆ. ಅದು ನ್ಯಾಯ.
ಹುಳ ಸಾಕಿ ನಿದ್ದೆಗೆಟ್ಟವನಿಗೆ
ನಾಳೆ ಬಾ ಎನ್ನುವ ಬಾಯಿ ನನಗಿಲ್ಲ.
ಆದರೆ ನನ್ನ ರೇಷ್ಮೆಗೆ ದುಡ್ಡು ಬರುವುದು
ನೀರು ಕುದ್ದು, ಎಳೆ ಸುತ್ತಿ, ಲಡಿ ಒಣಗಿ,
ತೂಕದವನ ಮುಖ ನೆಟ್ಟಗಿದ್ದರೆ
ನಾಲ್ಕನೆಯ ದಿನ ಮಧ್ಯಾಹ್ನ.

ನನ್ನ ಕಸುಬೆಲ್ಲ ಇರುವುದು
ಈ ನಡುವಿನ ಮೂರು ದಿನದಲ್ಲಿ.

ಬ್ಯಾಂಕಿನಲ್ಲಿ ಇದನ್ನು ಹೇಳಲು ಹೋಗಿದ್ದೆ.
ಎಸಿ ತಣ್ಣಗಿತ್ತು. ಹುಳದ ವಾಸನೆ
ನನಗಿಂತ ಮೊದಲು ಕುರ್ಚಿಯಲ್ಲಿ ಕೂತಿತು.
ಹುಡುಗ ಒಳ್ಳೆಯವನೇ, ಅಕ್ಕಾ ಅಂದ.
ನಾನು ಮೂರು ದಿನ ಕೇಳಿದೆ,
ಅವನು ಮೂರು ವರ್ಷದ ಲೆಕ್ಕ ಕೇಳಿದ.
ಶೆಡ್ಡು ಯಾರ ಹೆಸರಲ್ಲಿದೆ?
ತೀರಿಹೋದ ಮಾವನ ಹೆಸರಲ್ಲಿ.
ಪೆನ್ನಿನ ಕ್ಯಾಪು ಮುಚ್ಚಿದ ಸದ್ದು
ಅಷ್ಟು ಚಿಕ್ಕದಿರುತ್ತದೆಂದು ಗೊತ್ತಿರಲಿಲ್ಲ.

ಬಳೆಗಳು ಎರಡು ಸಲ ಗಿರವಿ ಅಂಗಡಿ ನೋಡಿ ಬಂದವು,
ಮೂರನೆಯ ಸಲ ದಾರಿ ಮರೆತವು.
ಸ್ಕೂಟರಿನಲ್ಲಿ ಬರುವವನೊಬ್ಬನಿದ್ದ,
ಬೆಳಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ಕೇಳುವವನು.
ಅವನ ಹಾರ್ನು ಕೇಳಿದರೆ
ಬೇಸಿನ್ನಿನ ಮುಂದಿನ ಶಾಹೀನಾಳ ಕೈಯಲ್ಲೂ ಎಳೆ ಕಡಿಯುತ್ತಿತ್ತು.
ಅವನನ್ನು ಬಿಟ್ಟೆ.
ಅವನು ನನ್ನನ್ನು ಬಿಡಲು ಏಳು ತಿಂಗಳು ಹಿಡಿಯಿತು.

ಆಮೇಲೆ ಗಂಗುಲಪ್ಪ.
ಎಳೆ ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳವನ್ನು
ಚೀಲಗಟ್ಟಲೆ ಒಯ್ಯುವವನು, ಕೋಳಿಗೋ ಮೀನಿಗೋ,
ನಾನು ಕೇಳಿಲ್ಲ.
ಒಂದು ದಿನ ಬಾಗಿಲಲ್ಲಿ ನಿಂತು, ಮೂಗು ಮುಚ್ಚದೆ,
"ತಿಂಗಳ ಹುಳದ ದುಡ್ಡು ಈಗಲೇ ತಗೋ ಜಬೀನಮ್ಮ,
ಬೇರೆಯವರಿಗೆ ಮಾತ್ರ ಹಾಕಬೇಡ" ಅಂದ.
ಎಲ್ಲೂ ಬರೆದುಕೊಳ್ಳಲಿಲ್ಲ. ಎಲೆ ಅಡಿಕೆ ಉಗಿದು ಹೋದ.
ಆ ರಾತ್ರಿ ಲೆಕ್ಕ ಹಾಕಿದೆ.
ಅವನು ದುಡ್ಡು ಕೊಟ್ಟ ಹುಳಗಳು
ಮೇಲೂರಿನ ಯಾವುದೋ ಮನೆಯ ತಟ್ಟೆಯಲ್ಲಿ
ಇನ್ನೂ ಸೊಪ್ಪು ಮೇಯುತ್ತಿವೆ.
ಚಂದ್ರಿಕೆ ಹತ್ತಿಲ್ಲ. ಸಾಯುವುದಂತೂ ದೂರ.
ಬದುಕಿರುವುದರ ಸಾವಿನ ಮೇಲೆ ತಗೊಂಡ ಮುಂಗಡ
ತಲೆದಿಂಬಿನ ಕೆಳಗೆ
ಇಡೀ ರಾತ್ರಿ ಸರಸರ ಎಲೆ ಕಡಿಯಿತು.

ಚೀಟಿ ಪ್ರತಿ ತಿಂಗಳು ಹತ್ತಕ್ಕೆ,
ಮುನಿರತ್ನಮ್ಮನ ಖಾರದಪುಡಿ ಮಿಲ್ಲಿನ ಹಿಂದೆ.
ಇಪ್ಪತ್ತು ಜನ, ಸೀನುತ್ತಲೇ ಕೂಗುತ್ತೇವೆ.
ಬೆಳಗ್ಗೆ ಮೊಬೈಲಿನಲ್ಲಿ ಗೂಡಿಗೆ ರೇಟು ಏರಿಸಿದ ನಾನು
ಸಂಜೆ ಇಲ್ಲಿ ಇಳಿಸುತ್ತೇನೆ.
ಲಕ್ಷದ ಚೀಟಿ. ತೊಂಬತ್ತು, ಎಂಬತ್ತೆಂಟು, ಎಂಬತ್ತೈದು.
ಯಾರಿಗೆ ಅವಸರ ಹೆಚ್ಚೋ ಅವರಿಗೆ ದುಡ್ಡು ಕಡಿಮೆ.
ಬಿಟ್ಟ ಕಸರು ಎಲ್ಲರಿಗೂ ಹಂಚಿಕೆ.
ಒಬ್ಬರ ಕಷ್ಟ ಪುಡಿಗಾಸಾಗಿ
ಮಿಕ್ಕವರ ಸೆರಗಿಗೆ ಬೀಳುವುದನ್ನು
ಒಳ್ಳೆಯದೆನ್ನಲೋ ಕೆಟ್ಟದ್ದೆನ್ನಲೋ,
ಹನ್ನೊಂದು ತಿಂಗಳಿಂದ ನೋಡುತ್ತಿದ್ದೇನೆ, ತಿಳಿದಿಲ್ಲ.

ಈ ಹತ್ತಕ್ಕೆ ಬಾಯ್ಲರಿಗೆಂದು ಹೋಗಿದ್ದೆ.
ಎಂಬತ್ತೆರಡು ಅಂದೆ. ಎದುರಿಗೆ
ಟೈಲರ್ ವೆಂಕಟಲಕ್ಷ್ಮಿ ಎಂಬತ್ತು ಅಂದಳು.
ಸ್ಕೂಲ್ ಯೂನಿಫಾರಂ ಆರ್ಡರು, ಬಟ್ಟೆ ತರಬೇಕು, ಜೂನು ಹತ್ತಿರ.
ಮುನಿರತ್ನಮ್ಮ ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡಿದಳು.
ನಾನು ಇಳಿದರೆ ಅವಳೂ ಇಳಿಯುತ್ತಾಳೆ,
ಎಪ್ಪತ್ತೈದಕ್ಕೆ ಬಂದರೆ
ಹೊಲಿದ ಕೂಲಿಯೆಲ್ಲ ಇಲ್ಲೇ ಉದುರುತ್ತದೆ.
ನಾನು ಸೀನಿದೆ.
ನಿಜದ ಸೀನೋ ಅಲ್ಲವೋ,
ಮೂರು ಎಣಿಸುವಷ್ಟರಲ್ಲಿ ಆಗಿಹೋಯಿತು.

ಮರುದಿನ ಶಾಹೀನಾಳ ಬೆರಳು ನೋಡುತ್ತ ಕೂತೆ.
ಒಂದು ಗೂಡಿನ ಎಳೆ ಮುಗಿದರೆ
ಇನ್ನೊಂದರ ತುದಿ ಎಸೆಯುತ್ತಾಳೆ, ಅಷ್ಟೇ.
ಗಂಟಿಲ್ಲ. ಹುಳ ಬಿಟ್ಟ ಅಂಟೇ ಹಿಡಿಯುತ್ತದೆ.

ಹಳೆಯ ಬಾಯ್ಲರಿನ ತೂತಿಗೆ
ವೆಲ್ಡರು ಸಾವಿರದಿನ್ನೂರು ಕೇಳಿದ.
ಕಸರಿನ ಪಾಲು ಏಳುನೂರೈವತ್ತು ಕೈಯಲ್ಲಿಟ್ಟೆ.
ಮಿಕ್ಕಿದ್ದು ನಾಲ್ಕನೆಯ ದಿನ ಕೊಡಿ, ಅಂದ.
ನಾನಿನ್ನೂ ಬಾಯಿ ತೆರೆದಿರಲಿಲ್ಲ.